ಎರಡೂವರೆ ಟನ್ನಿನ ಮಿಲಿಟರಿ ಟ್ರಕ್ಕು: ಸರ್ಕಾರಿ ಹರಾಜಿನಲ್ಲಿ ನನ್ನ ಮೊದಲ ಖರೀದಿ

ಅಮೆರಿಕದ ಸೇನೆಗೆಂದು 1968ರಲ್ಲಿ ಕೈಸರ್ ಜೀಪ್ ಕಂಪನಿ ತಯಾರಿಸಿದ ಎಂ35ಎ2 ಮಾದರಿಯ ಟ್ರಕ್ಕೊಂದನ್ನು ನಾನು ಸರ್ಕಾರಿ ಹರಾಜಿನಲ್ಲಿ 4,350 ಡಾಲರಿಗೆ ಕೊಂಡು ಈಗ ಹದಿನಾಲ್ಕು ತಿಂಗಳಾಯಿತು. ಟೆಕ್ಸಾಸ್ ರಾಜ್ಯದಲ್ಲಿ, ಆಸ್ಟಿನ್ ನಗರದಿಂದ ಒಂದು ಗಂಟೆಯ ದಾರಿಯಲ್ಲಿ ನಮಗೆ ಹನ್ನೆರಡು ಎಕರೆ ಜಮೀನಿದೆ. ಅಲ್ಲಿ ಸೌದೆ, ಹುಲ್ಲಿನ ಪಿಂಡಿ, ಜಲ್ಲಿ, ಬೇಸಿಗೆಯಲ್ಲಿ ನೀರಿನ ಟ್ಯಾಂಕು, ಹೀಗೆ ಒಂದಲ್ಲ ಒಂದನ್ನು ಹೇರುವುದು ಇದ್ದೇ ಇರುತ್ತದೆ. ಆ ಕೆಲಸಕ್ಕೆ ಹಳೆಯ ಪಿಕಪ್ಪೊಂದು ಸಾಕಾಗುತ್ತಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಿಲಿಟರಿ ಟ್ರಕ್ಕೇ ಬೇಕೆನಿಸಿದ್ದು ಆಸೆಯಿಂದಲೇ ಹೊರತು ಅಗತ್ಯದಿಂದಲ್ಲ. ಅದೇ ಆಸೆ ಇಟ್ಟುಕೊಂಡು ಹರಾಜಿನ ಪಟ್ಟಿ ನೋಡುತ್ತಿರುವ ಕನ್ನಡಿಗರು ಇಲ್ಲಿ ಇನ್ನೂ ಕೆಲವರು ಇರಬಹುದೆಂದು ಭಾವಿಸಿ, ಹರಾಜಿನ ವ್ಯವಸ್ಥೆ ಮತ್ತು ಟ್ರಕ್ಕು ಎರಡರ ಬಗೆಗೂ ನನ್ನ ಅನುಭವವನ್ನು ಬರೆಯುತ್ತಿದ್ದೇನೆ.

ಈ ಮಾದರಿಯನ್ನು ಇಲ್ಲಿನವರು ‘ಡ್ಯೂಸ್ ಅಂಡ್ ಎ ಹಾಫ್’ ಎಂದು ಕರೆಯುತ್ತಾರೆ. ಕಚ್ಚಾ ನೆಲದಲ್ಲಿ ಎರಡೂವರೆ ಟನ್ ಹೊರುವ ಗಾಡಿ ಎಂಬುದು ಅದರ ಅರ್ಥ. ಒಳ್ಳೆಯ ರಸ್ತೆಯಲ್ಲಿ ಅದರ ಎರಡರಷ್ಟನ್ನು ಹೊರುತ್ತದೆ. ಮೂರು ಆಕ್ಸಲ್‌ಗಳಿದ್ದು ಆರಕ್ಕೆ ಆರೂ ಕಡೆ ಶಕ್ತಿ ಹರಿಯುತ್ತದೆ, ಹಿಂದೆ ಜೋಡಿ ಟೈರುಗಳಿರುವುದರಿಂದ ಒಟ್ಟು ಹತ್ತು ಟೈರು, ಮೇಲೊಂದು ಸ್ಟೆಪ್ನಿ. ಖಾಲಿ ಗಾಡಿಯ ತೂಕವೇ ಸುಮಾರು 13,000 ಪೌಂಡ್, ಅಂದರೆ ಆರು ಟನ್ನಿಗೆ ಸ್ವಲ್ಪ ಕಡಿಮೆ. ರಿಯೋ ಕಂಪನಿ 1950ರ ಸುಮಾರಿಗೆ ರೂಪಿಸಿದ ಮೂಲ ವಿನ್ಯಾಸವನ್ನು ಹೆಚ್ಚೇನೂ ಬದಲಿಸದೆ ಸೇನೆ ದಶಕಗಳ ಕಾಲ ಬಳಸಿತು. ಹಾಗಾಗಿ ಬಿಡಿಭಾಗಗಳಿಗೆ ಇಂದಿಗೂ ಬರವಿಲ್ಲ, ಮತ್ತು ಹೊಸಬನೊಬ್ಬ ಕೊಳ್ಳಬಹುದಾದ ಮಿಲಿಟರಿ ಟ್ರಕ್ಕುಗಳಲ್ಲಿ ಇದಕ್ಕಿಂತ ವಾಸಿಯಾದದ್ದು ಇಲ್ಲವೆಂಬುದು ಈಗಲೂ ನನ್ನ ಅಭಿಪ್ರಾಯ.

ಸೇನೆಗೆ ಬೇಡವಾದ ವಾಹನಗಳು ಜನರ ಕೈಸೇರುವ ದಾರಿ ಒಂದೇ ಅಲ್ಲ. ರಕ್ಷಣಾ ಇಲಾಖೆಯ ಸರಕು ವಿಲೇವಾರಿ ವಿಭಾಗವು ಖಾಸಗಿ ಗುತ್ತಿಗೆದಾರರ ಮೂಲಕ ನಡೆಸುವ ಹರಾಜು ಒಂದು. ಅಲ್ಲಿ ಇಂಥ ವಾಹನವನ್ನು ಯಾರು, ಯಾವ ಉದ್ದೇಶಕ್ಕೆ ಕೊಳ್ಳುತ್ತಿದ್ದಾರೆ ಎಂಬ ಅಂತಿಮ ಬಳಕೆಯ ಪ್ರಮಾಣಪತ್ರ ಮಂಜೂರಾಗುವವರೆಗೆ ಗಾಡಿಯನ್ನು ಮುಟ್ಟುವಂತಿಲ್ಲ. 2014ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಹಂವೀ ಎಂಬ ಅಗಲವಾದ ಸೇನಾ ಜೀಪುಗಳು ಹರಾಜಿಗೆ ಬಂದಾಗ ಅವುಗಳನ್ನು ರಸ್ತೆಗಿಳಿಸಬಾರದೆಂಬ ಷರತ್ತಿನ ಮೇಲೆಯೇ ಮಾರಿದರು. ನನ್ನದು ಇನ್ನೊಂದು ದಾರಿ. ಅರಣ್ಯ ಸೇವೆಯ ಒಂದು ಯೋಜನೆಯಡಿ ಸೇನೆಯ ಹೆಚ್ಚುವರಿ ಟ್ರಕ್ಕುಗಳನ್ನು ರಾಜ್ಯದ ಅರಣ್ಯ ಇಲಾಖೆಗಳಿಗೂ ಅವುಗಳ ಮೂಲಕ ಹಳ್ಳಿಗಾಡಿನ ಸ್ವಯಂಸೇವಕ ಅಗ್ನಿಶಾಮಕ ದಳಗಳಿಗೂ ಎರವಲಾಗಿ ಕೊಡುತ್ತಾರೆ. ಒಡೆತನ ಮಾತ್ರ ಒಕ್ಕೂಟ ಸರ್ಕಾರದಲ್ಲೇ ಉಳಿದಿರುತ್ತದೆ. ದಳದವರು ಹೊಸ ಗಾಡಿ ಕೊಂಡಾಗ ಹಳೆಯದು ಸರ್ಕಾರಕ್ಕೆ ಮರಳಿ, ಆನ್‌ಲೈನ್ ಹರಾಜಿಗೆ ಬರುತ್ತದೆ. ಹೀಗೆ ಬರುವ ಟ್ರಕ್ಕುಗಳು ಓಡಿರುವುದು ಕಡಿಮೆ, ನಿಂತಿರುವುದು ಹೆಚ್ಚು. ನನ್ನದಕ್ಕೆ ಮೈತುಂಬ ಕೆಂಪು ಬಣ್ಣ ಬಳಿದಿದ್ದರು. ಬಣ್ಣ ಚಕ್ಕೆಯೆದ್ದ ಕಡೆಯಲ್ಲೆಲ್ಲ ಒಳಗಿನ ಮಿಲಿಟರಿ ಹಸಿರು ಇಣುಕುತ್ತಿತ್ತು.

ಹರಾಜಿನ ಜಾಹೀರಾತಿನಲ್ಲಿ ಇದ್ದದ್ದು ಒಂಬತ್ತು ಛಾಯಾಚಿತ್ರಗಳು ಮತ್ತು ನಾಲ್ಕು ಸಾಲುಗಳು: ಗಾಡಿ ಶುರುವಾಗುತ್ತದೆ, ಚಲಿಸುತ್ತದೆ, ಬ್ಯಾಟರಿಗಳು ದುರ್ಬಲ, ಬೇರೆ ದೋಷಗಳು ಇರಬಹುದು. ಇದ್ದಲ್ಲಿಯೇ, ಇದ್ದ ಸ್ಥಿತಿಯಲ್ಲಿಯೇ ಮಾರಾಟ ಎಂಬುದು ದಪ್ಪ ಅಕ್ಷರಗಳಲ್ಲಿತ್ತು. ಇದನ್ನು ದೂರಾಗಿ ಹೇಳುತ್ತಿಲ್ಲ. ಏನನ್ನೂ ಭರವಸೆ ಕೊಡದವನ ಮೇಲೆ ಆಮೇಲೆ ಮುನಿಯುವುದಕ್ಕೆ ಕಾರಣವೂ ಇರುವುದಿಲ್ಲ. ನಮ್ಮ ಕಡೆಯ ಹಳೇ ಗಾಡಿಯ ದಲ್ಲಾಳಿಗಳು ಹೇಳುವ ‘ಒಂದೇ ಕೈಯಲ್ಲಿ ಓಡಿದ ಗಾಡಿ ಸಾರ್’ ಎಂಬ ಮಾತಿಗಿಂತ ಈ ನಾಲ್ಕು ಸಾಲು ಎಷ್ಟೋ ಪ್ರಾಮಾಣಿಕ. ಮುಖ್ಯವಾದ ಸೌಲಭ್ಯವೆಂದರೆ, ಮೊದಲೇ ಸಮಯ ಗೊತ್ತುಮಾಡಿಕೊಂಡರೆ ಗಾಡಿ ನಿಂತಿರುವ ಜಾಗಕ್ಕೇ ಹೋಗಿ ನೋಡಲು ಅವಕಾಶವಿದೆ. ಈ ಅವಕಾಶವನ್ನು ಬಿಟ್ಟು ಚಿತ್ರ ನೋಡಿ ಸವಾಲು ಕೂಗುವವರು ತಮ್ಮ ದುಡ್ಡನ್ನು ತಾವೇ ಕಳೆದುಕೊಳ್ಳುತ್ತಾರೆ. ಹೋಗಿ ನೋಡಿಯೂ ನಾನು ಕಳೆದುಕೊಂಡೆ, ಅದು ಬೇರೆ ಮಾತು.

ನೋಡಲು ಹೋದಾಗ ಅಪ್ಪ ಜೊತೆಯಲ್ಲಿದ್ದರು. ಅವರು ಭಾರತೀಯ ಸೇನೆಯ ಆರ್ಮಿ ಸರ್ವಿಸ್ ಕೋರ್‌ನಲ್ಲಿ ಚಾಲಕರಾಗಿ ಸೇರಿ ಹವಾಲ್ದಾರರಾಗಿ ನಿವೃತ್ತರಾದವರು. ಹಾಸನ ಜಿಲ್ಲೆಯ ನಮ್ಮೂರಿನಿಂದ ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದು, ಮಾಡಲು ಕೆಲಸವಿಲ್ಲದೆ ಬೇಸರಗೊಂಡಿದ್ದರು. ಅಗ್ನಿಶಾಮಕ ದಳದ ಸ್ವಯಂಸೇವಕರೊಬ್ಬರು ಬ್ಯಾಟರಿಗೆ ಇನ್ನೊಂದು ಗಾಡಿಯಿಂದ ಕೇಬಲ್ ಕೊಟ್ಟು ಇಂಜಿನ್ ಶುರುಮಾಡಿದರು. ಇಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಟರ್ಬೊದ ಸಿಳ್ಳು ಏರುತ್ತ ಹೋಗಿ ಶೆಡ್ಡಿನ ತಗಡು ಅದುರಿತು. ನಾನು ಬಾನೆಟ್ಟಿನ ಪಕ್ಕ ನಿಂತು ಆ ಸದ್ದಿಗೆ ಮರುಳಾಗಿರುವಾಗ ಅಪ್ಪ ಕಾಣಲಿಲ್ಲ. ನೋಡಿದರೆ, ಅರವತ್ತೊಂಬತ್ತರ ವಯಸ್ಸಿನಲ್ಲಿ ಟ್ರಕ್ಕಿನ ಕೆಳಗೆ ಅಂಗಾತ ಮಲಗಿ ಹಿಂದಿನ ಚಕ್ರದ ಒಳಬದಿಯನ್ನು ಬೆರಳಿನಿಂದ ಸವರುತ್ತಿದ್ದರು.

“ಲೋ, ಇಂಜಿನ್ನಿಗೆ ಏನೂ ಆಗಿಲ್ಲ, ನಿನ್ನ ಮಗನ ಕಾಲಕ್ಕೂ ಓಡುತ್ತೆ ಅದು. ಇಲ್ಲಿ ಬಾ, ಇದನ್ನ ನೋಡು.”

“ಗೇರ್ ಎಣ್ಣೆ ಇರಬೇಕಪ್ಪ. ಹಳೇ ಗಾಡಿ, ಸೀಲ್ ಹೋಗಿರುತ್ತೆ.”

“ಗೇರ್ ಎಣ್ಣೆ ಆದ್ರೆ ಮೂಗಿಗೆ ಹೊಡೆಯುತ್ತೆ ಕಣೋ. ಇದಕ್ಕೆ ವಾಸನೇನೇ ಇಲ್ಲ.”

ಅವರ ಬೆರಳಿಗೆ ಹತ್ತಿದ್ದು ತೆಳುವಾದ, ಜಾರುವ, ನೇರಳೆ ಛಾಯೆಯ ದ್ರವ. ಅಮೆರಿಕದ ಸೇನೆ ಬ್ರೇಕಿಗೆ ಬಳಸುವ ಡಾಟ್ 5 ಸಿಲಿಕೋನ್ ದ್ರವದ ಬಣ್ಣವೇ ಅದು ಎಂಬುದು ನನಗೆ ಗೊತ್ತಾದದ್ದು ಮೂರು ವಾರಗಳ ನಂತರ. ಆ ಹೊತ್ತಿನಲ್ಲಿ ನಾನು ಅಪ್ಪನ ಮಾತನ್ನು ಕೇಳಿಸಿಕೊಂಡೆನೇ ಹೊರತು ಗಣನೆಗೆ ತೆಗೆದುಕೊಳ್ಳಲಿಲ್ಲ. ಮೊದಲ ಸಲ ಇಂಥ ಗಾಡಿ ಕೊಳ್ಳುವವರೆಲ್ಲ ಇಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾರೆ. ಈ ಮಾದರಿಯಲ್ಲಿ ಕಿವಿಯ ಕೆಲಸ ಕಡಿಮೆ, ಕಣ್ಣು ಮತ್ತು ಮೂಗನ್ನು ಚಕ್ರಗಳ ಹಿಂದೆ ಇಡಬೇಕು.

ಅದಕ್ಕೆ ಕಾರಣವಿದೆ. ಎಂ35ಎ2ರ ಬ್ರೇಕ್ ಪೆಡಲ್ ಒತ್ತಿದಾಗ, ಚಾಲಕನ ಕಾಲಡಿಯ ತಗಡಿನ ಕೆಳಗಿರುವ ಮಾಸ್ಟರ್ ಸಿಲಿಂಡರಿನಿಂದ ದ್ರವ ಹೊರಟು, ಗಾಳಿಯ ಒತ್ತಡದಿಂದ ಬಲ ಹೆಚ್ಚಿಸುವ ಬೂಸ್ಟರಿನ ಮೂಲಕ ಆರೂ ಬ್ರೇಕ್ ಡ್ರಮ್ಮುಗಳಿಗೆ ಹೋಗುತ್ತದೆ. ಈ ಹೈಡ್ರಾಲಿಕ್ ಜಾಲ ಒಂದೇ ಒಂದು. ಇಂದಿನ ಸಾಧಾರಣ ಕಾರಿನಲ್ಲೂ ಬ್ರೇಕಿನ ಜಾಲ ಎರಡಾಗಿ ಒಡೆದಿರುತ್ತದೆ, ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಇಲ್ಲಿ ಆರರಲ್ಲಿ ಯಾವುದೇ ಒಂದು ಚಕ್ರದ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರ್, ಒಂದು ರಬ್ಬರ್ ಹೋಸ್, ತುಕ್ಕು ಹಿಡಿದ ಒಂದು ಪೈಪು ಒಡೆದರೂ ಆರೂ ಚಕ್ರಗಳ ಬ್ರೇಕು ಒಟ್ಟಿಗೆ ಹೋಗುತ್ತದೆ. ಗಾಳಿಯ ಮೀಟರ್ ಭರ್ತಿ ತೋರಿಸುತ್ತಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಗಾಳಿ ಇಲ್ಲಿ ಸಹಾಯಕ ಮಾತ್ರ. ಉಳಿಯುವುದು, ಶಕ್ತಿಯನ್ನು ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮನ್ನು ಹಿಡಿಯುವ ಹ್ಯಾಂಡ್ ಬ್ರೇಕ್ ಒಂದೇ.

ನನ್ನ ಪೆಡಲ್ ನೆಲ ಕಂಡದ್ದು ನಮ್ಮ ಜಮೀನಿನ ಒಳಗೇ, ನಡಿಗೆಯ ವೇಗದಲ್ಲಿ, ಮನೆಯ ಕಡೆ ಇಳಿಜಾರಾಗಿರುವ ಮಣ್ಣುದಾರಿಯಲ್ಲಿ. ಕಾಲಿನ ಕೆಳಗೆ ಒಮ್ಮೆಗೇ ಏನೂ ಇಲ್ಲದಂತಾಯಿತು. ಹ್ಯಾಂಡ್ ಬ್ರೇಕ್ ಎಳೆದೆ. ಅದು ಸಡಿಲವಾಗಿದ್ದು, ಲಿವರಿನ ತುದಿಯ ಗುಬುಟನ್ನು ತಿರುಗಿಸಿ ಬಿಗಿ ಮಾಡಬೇಕೆಂಬುದೂ ಆಗ ತಿಳಿದಿರಲಿಲ್ಲ. ಮೊದಲ ಗೇರಿನಲ್ಲೇ ಇದ್ದದ್ದು ಪುಣ್ಯ. ಇಂಜಿನ್ ನಿಲ್ಲಿಸುವ ಕೇಬಲ್ ಎಳೆದ ಮೇಲೆ ಟ್ರಕ್ಕು ಹುಲ್ಲಿನ ಪಿಂಡಿಗಳ ಸಾಲಿಗೆ ತಗುಲಿ, ಎರಡನ್ನು ಅರೆದು ನಿಂತಿತು. ಅಪ್ಪ ಜಗಲಿಯಿಂದ ಎದ್ದು ಬಂದು, ಹಿಂದಿನ ಎಡಚಕ್ರದ ಕೆಳಗೆ ಹರಡಿದ್ದ ನೇರಳೆ ಕಲೆಯನ್ನು ನೋಡಿದರು. ಅಂದು ಅವರು ಒಂದೂ ಮಾತಾಡದೆ ಒಳಗೆ ಹೋಗಿ ಹಳೆಯ ಅಂಗಿ ಹಾಕಿಕೊಂಡು ಬಂದದ್ದು, ಬೈದಿದ್ದರೂ ಆಗದಷ್ಟು ನನಗೆ ನಾಟಿತು.

ರಿಪೇರಿ ಹನ್ನೊಂದು ದಿನ ಹಿಡಿಯಿತು. ಈ ಗಾಡಿಯಲ್ಲಿ ಡ್ರಮ್ಮು ಹಬ್ಬಿನೊಂದಿಗೇ ಹೊರಬರಬೇಕು. ಅದಕ್ಕೆ ಮೊದಲು ಆಕ್ಸಲ್ ಶಾಫ್ಟ್ ಎಳೆದು, ಬೇರಿಂಗಿನ ದೊಡ್ಡ ನಟ್ಟನ್ನು ಮೂರು ಇಂಚಿನ ಸಾಕೆಟ್ಟಿನಿಂದ ಬಿಚ್ಚಬೇಕು. ಎಡಬದಿಯ ಚಕ್ರಗಳ ನಟ್ಟುಗಳಿಗೆ ತಿರುಗುಮುರುಗಾದ ಮರೆ (ಥ್ರೆಡ್) ಇದೆ. ಇದು ಗೊತ್ತಿಲ್ಲದೆ ನಾನು ಅರ್ಧ ದಿನ ಬಿಗಿ ಮಾಡುತ್ತಲೇ ಇದ್ದೆ. ಆರೂ ವೀಲ್ ಸಿಲಿಂಡರ್, ಎಲ್ಲ ಹೋಸ್‌ಗಳು, ಮಾಸ್ಟರ್ ಸಿಲಿಂಡರಿನ ಕಿಟ್, ಆಯಿಲ್ ಸೀಲುಗಳು ಸೇರಿ ಬಿಡಿಭಾಗಗಳಿಗೆ 940 ಡಾಲರ್ ಆಯಿತು, ಕೂಲಿ ನಮ್ಮಿಬ್ಬರದೇ. ಸಿಲಿಕೋನ್ ದ್ರವವನ್ನು ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಡಾಟ್ 3ರ ಜೊತೆ ಬೆರೆಸಬಾರದು. ಹಿಂದಿನವರು ಯಾವುದನ್ನು ತುಂಬಿದ್ದರೆಂಬ ಅನುಮಾನವಿದ್ದರೆ ಪೂರ್ತಿ ಖಾಲಿ ಮಾಡಿ ತೊಳೆದೇ ಹೊಸದು ಹಾಕಬೇಕು. ಜಾಲವನ್ನು ಎರಡಾಗಿ ಒಡೆಯುವ ಮಾಸ್ಟರ್ ಸಿಲಿಂಡರನ್ನು ಅಳವಡಿಸಿಕೊಂಡವರು ಬಹಳ ಮಂದಿ ಇದ್ದಾರೆ. ಈ ಚಳಿಗಾಲದಲ್ಲಿ ನಾನೂ ಅದನ್ನು ಮಾಡಿಸಿದೆ. ಅದಕ್ಕೆ ತಗಲುವ ದುಡ್ಡನ್ನು ಹರಾಜಿನ ಬೆಲೆಯ ಭಾಗವೆಂದೇ ಲೆಕ್ಕ ಹಿಡಿದು ಸವಾಲು ಕೂಗಬೇಕು.

ಇಂಜಿನ್ನಿನ ಬಗ್ಗೆ ಅಪ್ಪ ಹೇಳಿದ್ದು ನಿಜವಾಯಿತು. ಕಾಂಟಿನೆಂಟಲ್ ವಿನ್ಯಾಸದ ಎಲ್‌ಡಿಟಿ-465 ಎಂಬ ಆರು ಸಿಲಿಂಡರಿನ, 7.8 ಲೀಟರಿನ ಈ ಇಂಜಿನ್ನನ್ನು ಮಲ್ಟಿಫ್ಯುಯೆಲ್ ಎನ್ನುತ್ತಾರೆ: ಡೀಸೆಲ್, ಸೀಮೆಎಣ್ಣೆ, ವಿಮಾನದ ಜೆಟ್ ಇಂಧನ, ತೀರಾ ಅನಿವಾರ್ಯವಾದರೆ ಪೆಟ್ರೋಲನ್ನೂ ಕುಡಿಯುತ್ತದೆ. ಇಂಧನವನ್ನು ಗಾಳಿಯಲ್ಲಿ ಸಿಡಿಸುವುದಕ್ಕಿಂತ ಹೆಚ್ಚಾಗಿ ಪಿಸ್ಟನ್ನಿನ ತಲೆಯಲ್ಲಿರುವ ಗುಂಡನೆಯ ಕುಳಿಯ ಗೋಡೆಗೆ ತೆಳುವಾಗಿ ಬಳಿದು, ಅಲ್ಲಿಂದ ಆವಿಯಾಗುತ್ತ ಉರಿಯುವಂತೆ ಮಾಡುವ ಈ ತಂತ್ರ ಮೂಲತಃ ಜರ್ಮನಿಯ ಮ್ಯಾನ್ ಕಂಪನಿಯದು. ಜಬಲ್ಪುರದಲ್ಲಿ ತಯಾರಾಗಿ ಭಾರತೀಯ ಸೇನೆಯ ಬೆನ್ನೆಲುಬಾಗಿದ್ದ ಶಕ್ತಿಮಾನ್ ಟ್ರಕ್ಕು ಕೂಡ ಅದೇ ಮ್ಯಾನ್ ಕಂಪನಿಯ ಪರವಾನಗಿಯದೇ. ಇದನ್ನು ಓದಿ ಹೇಳಿದಾಗ ಅಪ್ಪನಿಗೆ ಆಶ್ಚರ್ಯವಾಗಲಿಲ್ಲ. ನೆಂಟರ ಪೈಕಿಯವನೆಂದು ಸದ್ದಿನಿಂದಲೇ ಗೊತ್ತಾಗಿತ್ತು ಎಂಬಂತೆ ತಲೆಯಾಡಿಸಿದರು. ಟರ್ಬೊವನ್ನು ನೋಡಿ ಭಾರೀ ಶಕ್ತಿಯನ್ನು ನಿರೀಕ್ಷಿಸಬೇಡಿ. ಅದನ್ನು ಅಳವಡಿಸಿದ್ದು ಮುಖ್ಯವಾಗಿ ಹೊಗೆ ಕಡಿಮೆ ಮಾಡಲು. ಗರಿಷ್ಠ ವೇಗ ಗಂಟೆಗೆ 56 ಮೈಲಿ; ನಾನು 45ನ್ನು ದಾಟಿಸುವುದಿಲ್ಲ. 50 ಗ್ಯಾಲನ್ನಿನ ಟ್ಯಾಂಕಿಗೆ ಡೀಸೆಲ್ ಹಾಕಿಸಿದರೆ ನನಗೆ ಸಿಗುತ್ತಿರುವುದು ಗ್ಯಾಲನ್ನಿಗೆ ಒಂಬತ್ತು ಮೈಲಿ. ಬಳಸಿದ ಎಣ್ಣೆಯನ್ನು ಸುರಿದು ಬಿಟ್ಟಿ ಓಡಿಸಬಹುದೆಂಬ ಮಾತಿಗೆ ಮರುಳಾಗಿ ಕೊಳ್ಳುವವರು ಫಿಲ್ಟರಿನ ಖರ್ಚನ್ನೂ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಓಡಿಸುವ ಸುಖದ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ. ಪವರ್ ಸ್ಟೀರಿಂಗ್ ಇಲ್ಲ, ಕೀಲಿಯೇ ಇಲ್ಲ. ಒಂದು ಸ್ವಿಚ್ ತಿರುಗಿಸಿ ಗುಂಡಿ ಒತ್ತಿದರೆ ಶುರುವಾಗುತ್ತದೆ, ಕಳ್ಳರ ಭಯಕ್ಕೆ ಸ್ಟೀರಿಂಗಿಗೆ ಸರಪಳಿ ಕಟ್ಟಿ ಬೀಗ ಹಾಕುತ್ತೇನೆ. ದೀಪ ಹಚ್ಚಲು ಮೂರು ಲಿವರುಗಳ ಸ್ವಿಚ್ಚೊಂದಿದ್ದು, ಒಂದನ್ನು ಎತ್ತಿ ಹಿಡಿಯದೆ ಇನ್ನೊಂದು ತಿರುಗುವುದಿಲ್ಲ. ಕತ್ತಲಲ್ಲಿ ತಪ್ಪಾಗಿ ದೀಪ ಹತ್ತಿ ಶತ್ರುವಿಗೆ ಕಾಣಬಾರದೆಂದು ಮಾಡಿದ ಏರ್ಪಾಡು ಅದು. ಮುಂಜಾನೆ ಶುರುಮಾಡಿದ ಮೇಲೆ ಗಾಳಿಯ ಒತ್ತಡ ಸುಮಾರು 60 ಪೌಂಡಿಗೆ ಏರುವವರೆಗೆ ಬಜರ್ ಕಿರುಚುತ್ತಲೇ ಇರುತ್ತದೆ, ಅಕ್ಕಪಕ್ಕದವರಿಗೂ ಈಗ ಅಭ್ಯಾಸವಾಗಿದೆ. ಆದರೆ ಡ್ಯಾಶ್‌ಬೋರ್ಡಿನ ಮೇಲೆ ತಿರುಪು ಹಾಕಿ ಕೂರಿಸಿದ ಲೋಹದ ಫಲಕಗಳಲ್ಲಿ ಯಾವ ಗೇರಿನಲ್ಲಿ ಎಷ್ಟು ವೇಗ ಮೀರಬಾರದೆಂಬುದು ಸ್ಪಷ್ಟವಾಗಿ ಬರೆದಿದೆ. ಟಿಎಂ 9-2320-361 ಸಂಖ್ಯೆಯ ಸೇನಾ ಕೈಪಿಡಿಗಳು ಉಚಿತವಾಗಿ ಸಿಗುತ್ತವೆ, ಮತ್ತು ಅವುಗಳಲ್ಲಿ ಪ್ರತಿ ನಟ್ಟನ್ನೂ ಚಿತ್ರಸಹಿತ ವಿವರಿಸಿದ್ದಾರೆ. ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಮಳೆಯಲ್ಲಿ ನಿಂತು ಓದಿ ಸರಿಮಾಡುವಂತೆ ಬರೆದ ಪುಸ್ತಕಗಳವು. ಸಾಫ್ಟ್‌ವೇರ್ ಕೆಲಸದವನಿಗೂ ಅರ್ಥವಾದವು ಎಂದರೆ ಇನ್ನೇನು ಹೇಳಲಿ.

ಟೈರುಗಳ ವಿಷಯದಲ್ಲಿ ಎಚ್ಚರ ಬೇಕು. ಆಳವಾದ ಹಲ್ಲುಗಳನ್ನು ನೋಡಿ ಹೊಸವೆಂದು ತಿಳಿಯಬಾರದು. ಪಕ್ಕದಲ್ಲಿರುವ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ. ನನ್ನವುಗಳಲ್ಲಿ ಆರು ಟೈರುಗಳಿಗೆ ಮೂರೇ ಅಂಕಿ ಇದ್ದವು, ಅಂದರೆ 2000ಕ್ಕಿಂತ ಹಿಂದಿನವು. ಚಕ್ರಗಳು, ಟೈರನ್ನು ರಿಮ್ಮಿನಲ್ಲಿ ಹಿಡಿದಿಡುವ ಲಾಕ್ ರಿಂಗಿನವು. ಗಾಳಿ ತುಂಬುವಾಗ ರಿಂಗ್ ಸರಿಯಾಗಿ ಕೂರದಿದ್ದರೆ ಸಿಡಿದು ಪ್ರಾಣಕ್ಕೇ ಕುತ್ತು ತರುವುದರಿಂದ ಇಲ್ಲಿನ ಟೈರ್ ಅಂಗಡಿಗಳಲ್ಲಿ ಮೂರು ಕಡೆ ಮುಟ್ಟುವುದಕ್ಕೇ ಒಪ್ಪಲಿಲ್ಲ; ನಾಲ್ಕನೆಯವನು, ದೊಡ್ಡ ಟ್ರಕ್ಕುಗಳ ಕೆಲಸ ಮಾಡುವವನು, ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ತುಂಬಿಸಿದ. ನಮ್ಮೂರಿನ ಪಂಕ್ಚರ್ ಅಂಗಡಿಯ ಹುಡುಗ ಇದೇ ಕೆಲಸವನ್ನು ರಸ್ತೆಬದಿಯಲ್ಲಿ ಕೂತು ಬೀಡಿ ಸೇದುತ್ತ ಮಾಡುತ್ತಿದ್ದುದನ್ನು ನೆನೆದರೆ ಈಗ ಮೈ ನಡುಗುತ್ತದೆ.

ಸಾಗಣೆಯಲ್ಲಿ ಆದ ತೊಂದರೆಯನ್ನೂ ಹೇಳಬೇಕು. ಗೆದ್ದ ಮೇಲೆ ಎರಡು ಕೆಲಸದ ದಿನಗಳೊಳಗೆ ಹಣ ಕಟ್ಟಿ, ಹತ್ತು ಕೆಲಸದ ದಿನಗಳೊಳಗೆ ಗಾಡಿ ಎತ್ತಬೇಕಿತ್ತು. ಬ್ರೇಕಿನ ಬಗ್ಗೆ ಅಪ್ಪನ ಅನುಮಾನವಿದ್ದುದರಿಂದ ಓಡಿಸಿಕೊಂಡು ಬರುವ ಯೋಚನೆಯನ್ನು ಬಿಟ್ಟೆವು. ಇಡೀ ವ್ಯವಹಾರದಲ್ಲಿ ನಾನು ಮಾಡಿದ ಒಂದೇ ಜಾಣ ಕೆಲಸ ಅದು. ಸಾಗಣೆದಾರರಿಗೆ ತೂಕ, ಉದ್ದ, ಎತ್ತರ ಮೂರನ್ನೂ ಬರೆದು ಕಳಿಸಿದ್ದರೂ ಅವರು ಮೊದಲ ದಿನ ಪಿಕಪ್ ಎಳೆಯುವಂಥ ಹಗುರ ಟ್ರೇಲರ್ ತಂದು, ಟ್ರಕ್ಕನ್ನು ಕಂಡು ವಾಪಸು ಹೋದರು. ಎರಡನೆಯ ಬಾರಿ ಭಾರದ ಗಾಡಿ ಹೊರುವ ತಗ್ಗು ಟ್ರೇಲರ್, ಅಂದರೆ ಲೋ-ಬೆಡ್, ತರಿಸಿದ್ದಕ್ಕೆ ಹೆಚ್ಚುವರಿ ಸೇರಿ ಒಟ್ಟು 1,150 ಡಾಲರ್ ಪಡೆದರು, ಗಾಡಿ ಹೊರಬಿದ್ದದ್ದು ಒಂಬತ್ತನೆಯ ದಿನ. ಹರಾಜು ಕೂಗುವ ಮೊದಲೇ ಸಾಗಣೆದಾರರನ್ನು ಗೊತ್ತುಮಾಡಿ, ಅವರ ಟ್ರೇಲರಿನ ಚಿತ್ರವನ್ನೇ ತರಿಸಿಕೊಂಡು ನೋಡಿ ಎನ್ನುತ್ತೇನೆ.

ಕಾಗದಪತ್ರ ಇನ್ನೂ ಸೂಕ್ಷ್ಮ. ಸರ್ಕಾರದಿಂದ ಸಿಗುವುದು ಎಸ್‌ಎಫ್-97 ಎಂಬ ಪ್ರಮಾಣಪತ್ರ. ಅದು ಒಡೆತನದ ಪತ್ರವಲ್ಲ, ಒಡೆತನದ ಪತ್ರವನ್ನು ರಾಜ್ಯದಿಂದ ಪಡೆಯಲು ಬೇಕಾದ ದಾಖಲೆ. ಟೆಕ್ಸಾಸ್‌ನಲ್ಲಿ ಅದನ್ನೂ 130-ಯು ಅರ್ಜಿಯನ್ನೂ ಕೌಂಟಿಯ ತೆರಿಗೆ ಕಚೇರಿಗೆ ಕೊಡಬೇಕು. ನನ್ನ ಪತ್ರದಲ್ಲಿ ಚಾಸಿ ಸಂಖ್ಯೆಯ ಒಂದು ಅಂಕಿ ತಪ್ಪಾಗಿ ಅಚ್ಚಾಗಿತ್ತು: ಡ್ಯಾಶ್‌ಬೋರ್ಡಿನ ಫಲಕದಲ್ಲಿ 8, ಕಾಗದದಲ್ಲಿ 3. ಕೌಂಟರಿನ ಮಹಿಳೆ ಇದನ್ನು ಒಂದೇ ನೋಟಕ್ಕೆ ಹಿಡಿದು, ವಿನಯದಿಂದಲೇ ಹಿಂದಕ್ಕೆ ಕೊಟ್ಟರು. ಪತ್ರ ನೀಡಿದ ಕಚೇರಿಗೆ ಐದು ಇ-ಮೇಲ್, ನಾಲ್ಕು ಫೋನು ಮಾಡಿ, ಫಲಕದ ಚಿತ್ರವನ್ನೂ ಚಾಸಿಯ ಮೇಲೆ ಕೆತ್ತಿದ ಸಂಖ್ಯೆಯನ್ನು ಪೆನ್ಸಿಲಿನಿಂದ ಉಜ್ಜಿ ತೆಗೆದ ಅಚ್ಚನ್ನೂ ಕಳಿಸಿದ ಮೇಲೆ ಹೊಸ ಪತ್ರ ಬರಲು ಏಳು ವಾರ ಬೇಕಾಯಿತು. ಗಾಡಿ ಎತ್ತುವ ದಿನವೇ, ಗಾಡಿ ಒಪ್ಪಿಸುವ ಅಧಿಕಾರಿ ಎದುರಿಗಿರುವಾಗಲೇ, ಎರಡು ಸಂಖ್ಯೆಗಳನ್ನು ಒಂದೊಂದೇ ಅಂಕಿಯಾಗಿ ಜೋರಾಗಿ ಓದಿ ತಾಳೆ ನೋಡಿದ್ದರೆ ಅದು ಹತ್ತು ನಿಮಿಷದ ಕೆಲಸವಾಗುತ್ತಿತ್ತು. ಇಪ್ಪತ್ತೈದು ವರ್ಷ ದಾಟಿದ ವಾಹನವಾದ್ದರಿಂದ ಕಡಿಮೆ ಶುಲ್ಕದ ವಿಶೇಷ ನಂಬರ್ ಫಲಕ ಸಿಕ್ಕಿತು. ಪ್ರದರ್ಶನ, ಮೆರವಣಿಗೆಗಳಂಥ ಸೀಮಿತ ಬಳಕೆಗೆ ಅದು ಸಾಕು, ದಿನನಿತ್ಯದ ಓಡಾಟಕ್ಕಲ್ಲ.

ಹರಾಜಿನ ಬೆಲೆ, ಸಾಗಣೆ, ಬ್ರೇಕು, ಎರಡು ಬ್ಯಾಟರಿ, ಆರು ಟೈರು, ನೋಂದಣಿ, ವಿಮೆ ಎಲ್ಲ ಸೇರಿ ಇಂದಿನವರೆಗೆ 9,200 ಡಾಲರ್ ದಾಟಿದೆ. ಸವಾಲಿನ ಮೊತ್ತ ಅದರಲ್ಲಿ ಅರ್ಧಕ್ಕೂ ಕಡಿಮೆ. ಹರಾಜಿನ ವ್ಯವಸ್ಥೆಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ: ಪಾರದರ್ಶಕವಾಗಿದೆ, ನೋಡಲು ಬಿಡುತ್ತಾರೆ, ಆದರೆ ಕಾಗದದ ತಪ್ಪನ್ನು ತಿದ್ದುವ ವೇಗ ಆಮೆಯದು. ಟ್ರಕ್ಕಿಗೆ ನಾಲ್ಕು. ಒಂದು ಅಂಕವನ್ನು ಕಳೆದದ್ದು ಆ ಒಂಟಿ ಬ್ರೇಕ್ ಜಾಲಕ್ಕೆ. ವಾರಾಂತ್ಯದಲ್ಲಿ ಕೈಗೆ ಗ್ರೀಸ್ ಮೆತ್ತಿಕೊಳ್ಳಲು ಮನಸ್ಸಿಲ್ಲದವರು, 22 ಅಡಿ ಉದ್ದದ ಗಾಡಿ ನಿಲ್ಲಿಸಲು ಜಾಗವಿಲ್ಲದವರು ಇದನ್ನು ಕೊಳ್ಳಬಾರದು.

ಊರಿಗೆ ಹೊರಡುವ ಹಿಂದಿನ ದಿನ ಅಪ್ಪ ಟ್ರಕ್ಕನ್ನು ತಾವೇ ಗೇಟಿನವರೆಗೆ ಓಡಿಸಿ ತಂದರು. ಇಳಿಜಾರಿನ ನಡುವೆ ಬೇಕೆಂದೇ ಎರಡು ಸಲ ಬ್ರೇಕ್ ಒತ್ತಿ ನಿಲ್ಲಿಸಿದರು. ಇಳಿದ ಮೇಲೆ ಬಾನೆಟ್ ಕಡೆ ತಿರುಗಿಯೂ ನೋಡದೆ, ಬಗ್ಗಿ, ಹಿಂದಿನ ಎಡಚಕ್ರದ ಒಳಬದಿಯನ್ನು ಬೆರಳಿನಿಂದ ಸವರಿ, ಒಣಗಿದ್ದ ಬೆರಳನ್ನು ನನಗೆ ತೋರಿಸಿದರು.